ಆರು ಹಾಡು, ಐದು ಜನ, ಒಂದು ವರ್ಷದ ಲೆಕ್ಕ

ನಮ್ಮ ಆರು ಹಾಡುಗಳನ್ನು ರೆಕಾರ್ಡ್ ಮಾಡುವಾಗ ನನ್ನ ಕೈಯಲ್ಲಿ ದುಡ್ಡಿರಲಿಲ್ಲ. ಅದಕ್ಕೇ ಜೊತೆಗೆ ನುಡಿಸಿದವರಿಗೆ ಒಂದು ಮಾತು ಕೊಟ್ಟೆ. 'ಈಗ ಸಂಭಾವನೆ ಕೊಡೋಕೆ ಆಗಲ್ಲ. ಸ್ಟ್ರೀಮಿಂಗ್‌ನಿಂದ ಏನು ಬರುತ್ತೋ ಅದರಲ್ಲಿ ಪಾಲು ಕೊಡ್ತೀನಿ. ಒಂದೊಂದು ಕಾಸಿನ ಲೆಕ್ಕವನ್ನೂ ತೋರಿಸ್ತೀನಿ' ಅಂದೆ. ಎಲ್ಲರೂ ಒಪ್ಪಿದರು. ಬರೆದುಕೊಟ್ಟ ಮಾತು ಅದು. ಹಾಗಾಗಿ ಮುಂದಿನ ಒಂದು ವರ್ಷ, ಸಂಗೀತಗಾರರು ಸಾಮಾನ್ಯವಾಗಿ ತೆರೆದು ನೋಡದ ಕಡತಗಳನ್ನೆಲ್ಲ ಸಾಲು ಸಾಲಾಗಿ ಓದಿದೆ. ಇಲ್ಲಿ ಹೇಳುತ್ತಿರುವುದು ಆ ಓದಿನ ಕಥೆ.

ನಾವು ಐದು ಜನ. ಸಾಹಿತ್ಯ, ರಾಗ ಸಂಯೋಜನೆ, ಗಾಯನ ನನ್ನದು. ಕೊಳಲು, ಪಿಟೀಲು, ಡ್ರಮ್ಸ್ ನುಡಿಸಿದವರು ಮೂವರು. ಮಿಕ್ಸಿಂಗ್ ಮಾಡಿದ ಸೌಂಡ್ ಎಂಜಿನಿಯರ್ ಒಬ್ಬರು. ರೆಕಾರ್ಡಿಂಗ್‌ನಿಂದ ಬರುವ ಹಣದಲ್ಲಿ ನನಗೆ 40 ಪರ್ಸೆಂಟ್, ಕೊಳಲಿಗೆ 20, ಪಿಟೀಲು ಮತ್ತು ಡ್ರಮ್ಸ್‌ಗೆ ತಲಾ 15, ಎಂಜಿನಿಯರ್‌ಗೆ 10 ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಂಡೆವು. ಕೊಳಲಿಗೆ ಜಾಸ್ತಿ ಯಾಕೆ ಅಂದರೆ, ಆರರಲ್ಲಿ ನಾಲ್ಕು ಹಾಡು ನಿಂತಿರುವುದೇ ಅದರ ಮೇಲೆ. ಅದನ್ನು ನುಡಿಸಿದವರು ನನಗಿಂತ ಹಿರಿಯರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆಯವರ ಹಾಡುಗಳಿಗೆ ನುಡಿಸಿದವರು. ಸಹಿ ಹಾಕುವಾಗ ಅವರು, 'ಪಾಲು ಅಂತ ಕಾಗದದ ಮೇಲೆ ನನ್ನ ಹೆಸರು ಬರೆದಿದ್ದು ಇದೇ ಮೊದಲು' ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಹಾಡುಗಳನ್ನು ಸ್ಟ್ರೀಮಿಂಗ್ ಸೇವೆಗಳಿಗೆ ನೇರವಾಗಿ ಕೊಡೋಕೆ ಆಗುವುದಿಲ್ಲ. ನಡುವೆ ಡಿಸ್ಟ್ರಿಬ್ಯೂಟರ್ ಬೇಕು. ಕೆಲವರು ವರ್ಷಕ್ಕಿಷ್ಟು ಅಂತ ಶುಲ್ಕ ತಗೊಳ್ಳುತ್ತಾರೆ, ಕೆಲವರು ಬಂದದ್ದರಲ್ಲಿ ಪಾಲು ಹಿಡಿಯುತ್ತಾರೆ. ಮುಂಗಡ ದುಡ್ಡು ಕೊಡುವ ಸ್ಥಿತಿ ಇರಲಿಲ್ಲವಲ್ಲ, 15 ಪರ್ಸೆಂಟ್ ಪಾಲು ಹಿಡಿಯುವವರನ್ನು ಆರಿಸಿಕೊಂಡೆ. ಒಂದೊಂದು ಹಾಡಿಗೂ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಸಿಕ್ಕಿತು. ಆ ರೆಕಾರ್ಡಿಂಗ್ ಎಲ್ಲೇ ಕೇಳಿಸಿದರೂ ಲೆಕ್ಕ ಅದರ ಹೆಸರಿನಲ್ಲೇ ನಡೆಯುತ್ತದೆ. ಅಪ್‌ಲೋಡ್ ಮಾಡುವ ಫಾರಂನಲ್ಲಿ ಗಾಯಕರ ಹೆಸರು ಕಡ್ಡಾಯವಾಗಿತ್ತು. ವಾದ್ಯ ನುಡಿಸಿದವರ ಹೆಸರು ಬೇಕಿದ್ದರೆ ಹಾಕಬಹುದು, ಬಿಟ್ಟರೂ ನಡೆಯುತ್ತದೆ. ನಾನು ಎಲ್ಲರ ಹೆಸರನ್ನೂ ಹಾಕಿದೆ.

ಬಿಡುಗಡೆಗೆ ಮುಂಚೆ ಒಂದು ಚರ್ಚೆ ಆಯಿತು. ಎರಡನೇ ಹಾಡು 50 ಸೆಕೆಂಡಿನ ಕೊಳಲಿನ ಆಲಾಪದಿಂದ ಶುರುವಾಗುತ್ತದೆ. ಮಾತೇ ಇಲ್ಲ, ಬರೀ ಉಸಿರು ಮತ್ತು ಸ್ವರ. ಎಂಜಿನಿಯರ್ ಹಿಂಜರಿಯುತ್ತಲೇ ಹೇಳಿದರು: 'ಸಾಮಾನ್ಯವಾಗಿ 30 ಸೆಕೆಂಡ್ ಕೇಳಿದರೆ ಮಾತ್ರ ಅದನ್ನ ಒಂದು ಪ್ಲೇ ಅಂತ ಲೆಕ್ಕ ಹಿಡೀತಾರೆ. ಹಾಡು ಶುರುವಾಗೋಕೆ ಮುಂಚೆನೇ ಜನ ಮುಂದಕ್ಕೆ ಹೋದರೆ ಏನೂ ಬರಲ್ಲ. ಆಲಾಪ ಕತ್ತರಿಸೋಣವಾ?' ಅವರು ಹೇಳಿದ್ದು ಸರಿಯೇ. 30 ಸೆಕೆಂಡ್ ದಾಟಿದ ಮೇಲೆ ಎರಡು ನಿಮಿಷದ ಹಾಡಿಗೂ ಒಂಬತ್ತು ನಿಮಿಷದ ಹಾಡಿಗೂ ಒಂದೇ ಲೆಕ್ಕ. ಇತ್ತೀಚೆಗೆ ಹಾಡುಗಳು ನೇರವಾಗಿ ಪಲ್ಲವಿಗೇ ಬಂದು ನಿಲ್ಲುವುದಕ್ಕೆ, ಮೂರು ನಿಮಿಷದೊಳಗೆ ಮುಗಿದುಹೋಗುವುದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ. ನಾವು ಆಲಾಪ ಕತ್ತರಿಸಲಿಲ್ಲ. ಅದಕ್ಕಾಗಿ ಒಂದು ದಿನವೂ ನಾನು ವಿಷಾದಪಟ್ಟಿಲ್ಲ.

ಮೊದಲ ವರದಿ ಬರೋಕೆ ಮೂರು ತಿಂಗಳು ಹಿಡಿಯಿತು. ತೆರೆದು ನೋಡಿದೆ. ಒಂದೇ ತಿಂಗಳು, ಆರೇ ಹಾಡು, ಆದರೆ ಸಾಲುಗಳು ಸಾವಿರಕ್ಕೂ ಮಿಕ್ಕಿದ್ದವು. ಒಂದೊಂದು ಸಾಲಿನಲ್ಲೂ ಸೇವೆಯ ಹೆಸರು, ದೇಶ, ಕೇಳಿದವರು ದುಡ್ಡು ಕೊಟ್ಟವರೋ ಜಾಹೀರಾತು ಕೇಳುವ ಉಚಿತ ಬಳಕೆದಾರರೋ ಅನ್ನುವ ಗುರುತು, ಎಷ್ಟು ಪ್ಲೇ, ಎಷ್ಟು ಡಾಲರ್. ಡಾಲರ್ ಕಾಲಂನಲ್ಲಿ ದಶಮಾಂಶ ಬಿಂದುವಿನ ಮುಂದೆ ಉದ್ದಕ್ಕೂ ಸೊನ್ನೆಗಳು. '3 ಪ್ಲೇ, 0.0041' ಅಂತ ಒಂದು ಸಾಲು. ಅಂದರೆ ಯಾವುದೋ ದೇಶದಲ್ಲಿ ಯಾರೋ ಮೂರು ಸಲ ನಮ್ಮ ಹಾಡು ಕೇಳಿದ್ದಾರೆ, ಅದಕ್ಕೆ ಅರ್ಧ ಸೆಂಟ್ ಕೂಡ ಬಂದಿಲ್ಲ.

ಆಮೇಲೆ ಎರಡು ಸಾಲುಗಳು ಕಣ್ಣಿಗೆ ಬಿದ್ದವು. ಅದೇ ಆಲಾಪದ ಹಾಡು, ಅದೇ ತಿಂಗಳು, ಅದೇ ಸೇವೆ. ಮೊದಲ ಸಾಲಿನಲ್ಲಿ ಚಂದಾ ಕಟ್ಟಿದವರಿಂದ 112 ಪ್ಲೇ, ಬಂದದ್ದು 52 ಸೆಂಟ್. ಎರಡನೆಯದು ಬೇರೆ ದೇಶದ ಉಚಿತ ಬಳಕೆದಾರರದು, 640 ಪ್ಲೇ, ಬಂದದ್ದು 31 ಸೆಂಟ್. ಆರು ಪಟ್ಟು ಹತ್ತಿರ ಜಾಸ್ತಿ ಕೇಳಿದ ಕಡೆಯಿಂದ ಕಮ್ಮಿ ದುಡ್ಡು. ಏನೋ ತಪ್ಪಾಗಿದೆ ಅಂದುಕೊಂಡು ಡಿಸ್ಟ್ರಿಬ್ಯೂಟರ್‌ಗೆ ಪತ್ರ ಬರೆದೆ. 'ತಪ್ಪಿಲ್ಲ, ಲೆಕ್ಕ ಹೀಗೇ' ಅಂತ ಎರಡು ಸಾಲಿನ ಉತ್ತರ ಬಂತು.

ನಿಜಕ್ಕೂ ತಪ್ಪಿರಲಿಲ್ಲ. 'ಒಂದು ಪ್ಲೇಗೆ ಇಷ್ಟು' ಅನ್ನುವ ದರವೇ ಹೆಚ್ಚಿನ ಕಡೆ ಇಲ್ಲ. 2021ರಲ್ಲಿ ಆಪಲ್ ಮ್ಯೂಸಿಕ್ ಸಂಗೀತಗಾರರಿಗೆ ಬರೆದ ಪತ್ರದಲ್ಲಿ ಪ್ಲೇಗೆ ಸರಾಸರಿ ಒಂದು ಸೆಂಟ್ ಕೊಡುತ್ತೇವೆ ಅಂತ ಹೇಳಿತ್ತು. ಅದೂ ಸರಾಸರಿಯೇ, ಅದರಲ್ಲೂ ಲೇಬಲ್ (ರೆಕಾರ್ಡಿಂಗ್ ಕಂಪನಿ), ಪ್ರಕಾಶಕರು (ಹಾಡು ಬರೆದವರ ಹಕ್ಕು ನೋಡಿಕೊಳ್ಳುವವರು) ಎಲ್ಲರ ಪಾಲೂ ಸೇರಿದೆ. ನಡೆಯುವುದು ಹೀಗೆ. ಒಂದು ದೇಶದಲ್ಲಿ, ಒಂದು ಬಗೆಯ ಪ್ಲ್ಯಾನಿನಿಂದ ಆ ತಿಂಗಳು ಬಂದ ದುಡ್ಡೆಲ್ಲ ಒಂದು ರಾಶಿ. ಅದರಲ್ಲಿ ಸುಮಾರು 30 ಪರ್ಸೆಂಟ್ ಸೇವೆಯವರಿಗೆ, 55ರಷ್ಟು ರೆಕಾರ್ಡಿಂಗ್ ಹಕ್ಕುಳ್ಳವರಿಗೆ, 15ರಷ್ಟು ಹಾಡು ಬರೆದವರಿಗೆ ಮತ್ತು ಅವರ ಪ್ರಕಾಶಕರಿಗೆ. ಆ ತಿಂಗಳ ಒಟ್ಟು ಪ್ಲೇಗಳಲ್ಲಿ ನಮ್ಮ ಪ್ಲೇಗಳು ಎಷ್ಟನೇ ಪಾಲೋ, ರಾಶಿಯಲ್ಲೂ ಅಷ್ಟೇ ಪಾಲು ನಮ್ಮದು. ಚಂದಾ ಕಮ್ಮಿ ಇರುವ ದೇಶದ ರಾಶಿ ಚಿಕ್ಕದು. ಜಾಹೀರಾತಿನ ರಾಶಿ ಇನ್ನೂ ಚಿಕ್ಕದು. ಬೇರೆಯವರು ಜಾಸ್ತಿ ಕೇಳಿಸಿಕೊಂಡ ತಿಂಗಳು, ನಮ್ಮ ಕೇಳುಗರು ಒಬ್ಬರೂ ಕಮ್ಮಿಯಾಗದಿದ್ದರೂ, ನಮ್ಮ ಪಾಲು ಕರಗುತ್ತದೆ.

ಇದು ನನಗೆ ತಲೆಗೆ ಹೋದದ್ದು ಲೆಕ್ಕದಿಂದಲ್ಲ, ಒಂದು ಪತ್ರದಿಂದ. ಕೇಳುಗರೊಬ್ಬರು ಬರೆದಿದ್ದರು. ನಿದ್ದೆ ಬಾರದ ಕಾಲದಲ್ಲಿ ಒಂದು ತಿಂಗಳಿಡೀ ನಮ್ಮ ಆಲಾಪದ ಹಾಡನ್ನೇ ಹಾಕಿಕೊಂಡು ಮಲಗಿದರಂತೆ. ಇನ್ನೂರು ಸಲವಾದರೂ ಕೇಳಿರಬೇಕು, ಬೇರೆ ಏನೂ ಕೇಳಲಿಲ್ಲ ಅಂದರು. 'ಚಂದಾ ಕಟ್ಟಿಯೇ ಕೇಳ್ತೀನಿ, ನಿಮಗೆ ಏನಾದರೂ ತಲುಪಲಿ ಅಂತ' ಅಂತಲೂ ಬರೆದಿದ್ದರು. ಪತ್ರ ಓದಿ ಕಣ್ಣು ತುಂಬಿ ಬಂತು. ಆಮೇಲೆ ಲೆಕ್ಕ ಹಾಕಿದೆ. ತಿಂಗಳಿಗೆ ಹತ್ತು ಡಾಲರ್ ಚಂದಾ ಅಂತಿಟ್ಟುಕೊಳ್ಳೋಣ. ಸೇವೆಯವರ ಪಾಲು ಕಳೆದರೆ ಸಂಗೀತಕ್ಕೆ ಏಳು ಉಳಿಯುತ್ತದೆ. ಇನ್ನೂರು ಪ್ಲೇಗೆ ನಮಗೆ ಬಂದಿರಬಹುದಾದದ್ದು ಒಂದು ಡಾಲರಿನ ಒಳಗೆ. ಉಳಿದ ಆರು ಡಾಲರ್, ಅವರು ಒಂದು ಸಲವೂ ಕೇಳದ ಹಾಡುಗಳಿಗೆ ಹೋಯಿತು. ಆ ಕೇಳುಗರು ನಮಗೇ ಅಂತ ಕೊಟ್ಟ ದುಡ್ಡು ಅದು. ಕಳ್ಳತನ ಅಂತ ನಾನು ಹೇಳುವುದಿಲ್ಲ. ಆದರೆ ಕೊಟ್ಟವರ ಮನಸ್ಸಿನಲ್ಲಿದ್ದದ್ದು ಒಂದು, ಆದದ್ದು ಇನ್ನೊಂದು.

ಒಬ್ಬೊಬ್ಬ ಕೇಳುಗರ ಹಣವನ್ನು ಅವರು ಕೇಳಿದ ಹಾಡುಗಳಿಗೇ ಹಂಚುವ ಪದ್ಧತಿಯೂ ಇದೆ. ಸೌಂಡ್‌ಕ್ಲೌಡ್ ಅನ್ನುವ ಸ್ಟ್ರೀಮಿಂಗ್ ಸೇವೆ 2021ರಲ್ಲಿ ಸ್ವತಂತ್ರ ಕಲಾವಿದರಿಗೆ ಅದನ್ನು ತಂದಿತು. ಇದೇ ಎಲ್ಲಕ್ಕೂ ಮದ್ದು ಅಂತ ಕೆಲವು ತಿಂಗಳು ನಾನು ಗಟ್ಟಿಯಾಗಿ ನಂಬಿದ್ದೆ. ಆಮೇಲೆ ಫ್ರಾನ್ಸಿನ ರಾಷ್ಟ್ರೀಯ ಸಂಗೀತ ಕೇಂದ್ರ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದೆ. ಹಾಗೆ ಹಂಚಿದರೂ ಮೊದಲ ಹತ್ತು ಸಾವಿರ ಕಲಾವಿದರ ಆಚೆ ಇರುವವರಿಗೆ ಸರಾಸರಿಯಲ್ಲಿ ವರ್ಷಕ್ಕೆ ಹೆಚ್ಚೆಂದರೆ ಕೆಲವೇ ಯೂರೋ ವ್ಯತ್ಯಾಸ ಅಂತ ಅದರಲ್ಲಿತ್ತು. ನಾವೆಲ್ಲ ಅದೇ ಆಚೆಯವರು. ಓದಿ ಬೇಜಾರಾಯಿತು. ಆದರೂ ನನ್ನ ಅಭಿಪ್ರಾಯ ಪೂರ್ತಿ ಬದಲಾಗಲಿಲ್ಲ. ಮೊತ್ತ ಚಿಕ್ಕದೇ ಇರಲಿ, ಯಾರು ಯಾರಿಗೆ ಕೊಟ್ಟರು ಅನ್ನುವುದು ನೇರವಾಗಿರಬೇಕು ಅಲ್ವಾ?

ಚಿಕ್ಕ ಮೊತ್ತದ ಬಗ್ಗೆ ಇನ್ನೊಂದು ಮಾತು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಪ್ಲೇ ಕಾಣದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ ಅನ್ನುವ ನಿಯಮವನ್ನು ಸ್ಪಾಟಿಫೈ 2024ರಲ್ಲಿ ತಂದಿತು. ಅಷ್ಟು ಸಣ್ಣ ಹಣ ಡಿಸ್ಟ್ರಿಬ್ಯೂಟರ್ ಖಾತೆಯಲ್ಲೇ ಉಳಿಯುತ್ತದೆ, ಕಲಾವಿದರ ಕೈಗೆ ಸೇರುವುದೇ ಇಲ್ಲ ಅನ್ನುವುದು ಅವರ ವಾದ. ಆ ದುಡ್ಡು ಈಗ ಗೆರೆ ದಾಟಿದ ಹಾಡುಗಳಿಗೆ ಸೇರುತ್ತದೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಕೈಗೆ ಸೇರುತ್ತಿಲ್ಲ ಅಂದರೆ ಸೇರಿಸುವ ದಾರಿ ಹುಡುಕಬೇಕು. 900 ಸಲ ಕೇಳಿಸಿಕೊಂಡ ಹಾಡನ್ನು ಯಾರೂ ಕೇಳಲಿಲ್ಲ ಅನ್ನೋಕೆ ಆಗುವುದಿಲ್ಲ.

ಏಳನೇ ತಿಂಗಳಿನಲ್ಲಿ ಒಂದು ಹೊಡೆತ ಬಿತ್ತು. ನಮ್ಮ ನಾಲ್ಕನೇ ಹಾಡಿಗೆ ಒಂದು ವಾರದಲ್ಲಿ 9,000 ಪ್ಲೇ. ಖುಷಿಪಟ್ಟು ಎಲ್ಲರಿಗೂ ಫೋನ್ ಮಾಡಿದೆ. ಮಾರನೇ ವಾರ ಹಾಡೇ ಕಾಣೆ. ಕೃತಕ ಪ್ಲೇಗಳು ಕಂಡುಬಂದಿವೆ ಅಂತ ತೆಗೆದುಹಾಕಿದ್ದರು. ಯಾರೋ ಗೊತ್ತಿಲ್ಲದವರು ನಮ್ಮ ಹಾಡನ್ನು ತಮ್ಮ ಪ್ಲೇಲಿಸ್ಟಿಗೆ ಸೇರಿಸಿ ಯಂತ್ರಗಳಿಂದ ಓಡಿಸಿದ್ದರು. ನಾವು ಯಾರಿಗೂ ದುಡ್ಡು ಕೊಟ್ಟಿರಲಿಲ್ಲ, ಕೇಳಿಯೂ ಇರಲಿಲ್ಲ. ಮೋಸ ಅನ್ನುವುದು ನಿಜವಾದ ಪಿಡುಗು. ಎಲ್ಲರ ಪಾಲೂ ಒಂದೇ ರಾಶಿಯಿಂದ ಬರುವಾಗ, ಸುಳ್ಳು ಪ್ಲೇ ತಿನ್ನುವುದು ನಮ್ಮಂಥವರ ಪಾಲನ್ನೇ. ಅದನ್ನು ತಡೆಯಲೇಬೇಕು. ಆದರೆ ತಡೆಯುವ ಮುಂಚೆ ನಮ್ಮನ್ನು ಒಂದು ಮಾತು ಕೇಳಬೇಕಿತ್ತು. ಐದು ವಾರ ಪತ್ರ ಬರೆದ ಮೇಲೆ ಹಾಡು ವಾಪಸ್ ಬಂತು. ಆ ಐದು ವಾರ ಅದನ್ನು ಹುಡುಕಿದವರಿಗೆ ಅದು ಸಿಗಲಿಲ್ಲ. ಮತ್ತೆ ಮೊದಲಿನಷ್ಟು ಕೇಳುಗರು ಆ ಹಾಡಿಗೆ ಬರಲೇ ಇಲ್ಲ.

ಇದೆಲ್ಲದರ ನಡುವೆ ನನಗೆ ತಡವಾಗಿ ಗೊತ್ತಾದ ಸಂಗತಿ, ಹಾಡು ಬರೆದವರ ಪಾಲು ಡಿಸ್ಟ್ರಿಬ್ಯೂಟರ್ ಮೂಲಕ ಬರುವುದೇ ಇಲ್ಲ ಅನ್ನುವುದು. ರೆಕಾರ್ಡಿಂಗ್ ಒಂದು ಹಕ್ಕು, ಸಾಹಿತ್ಯ-ಸಂಗೀತ ಇನ್ನೊಂದು ಹಕ್ಕು. ಎರಡನೆಯದಕ್ಕೆ, ಹಾಡು ಬರೆದವರ ಹಣ ಸಂಗ್ರಹಿಸಿ ಹಂಚುವ ಬೇರೆ ಸಂಘದಲ್ಲಿ ಸದಸ್ಯತ್ವ, ಬೇರೆ ನೋಂದಣಿ. ಅದಕ್ಕೆ ಐಎಸ್‌ಡಬ್ಲ್ಯುಸಿ ಅನ್ನುವ ಬೇರೆ ಗುರುತು. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದೆ, ಏನೂ ಬರಲಿಲ್ಲ. ಕೊನೆಗೆ ಕಾರಣ ಗೊತ್ತಾಯಿತು. ಡಿಸ್ಟ್ರಿಬ್ಯೂಟರ್ ಫಾರಂನಲ್ಲಿ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಎರಡು 'ಎ' ಹಾಕಿ ಬರೆದಿದ್ದೆ, ಸಂಘದ ಅರ್ಜಿಯಲ್ಲಿ ಒಂದೇ 'ಎ'. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಹಾಡು ಒಂದು ಕಡೆ, ಬರೆದವರು ಇನ್ನೊಂದು ಕಡೆ, ದುಡ್ಡು ನಡುವೆ ನಿಂತಿತ್ತು.

ಒಂದು ಅಕ್ಷರ ಅಂತ ಸುಮ್ನೆ ಬಿಡುವ ವಿಷಯ ಅಲ್ಲ ಇದು. ಅಮೆರಿಕದಲ್ಲಿ ಹಾಡು ಬರೆದವರ ಸ್ಟ್ರೀಮಿಂಗ್ ಹಣ ಹಂಚೋಕೆ 2018ರ ಕಾನೂನಿನ ಪ್ರಕಾರ ಒಂದು ಸಂಸ್ಥೆ ಶುರುವಾಯಿತು. 2021ರ ಫೆಬ್ರುವರಿಯಲ್ಲಿ ಸ್ಟ್ರೀಮಿಂಗ್ ಕಂಪನಿಗಳು ಅದರ ಕೈಗೆ ಸುಮಾರು 42.4 ಕೋಟಿ ಡಾಲರ್ ಒಪ್ಪಿಸಿದವು. ಯಾರ ಹಾಡು ಅಂತ ಹೊಂದಿಸಲಾಗದೆ ವರ್ಷಗಳಿಂದ ಉಳಿದುಹೋಗಿದ್ದ ಹಣ ಅದು. ಯಾರದೋ ಬೆವರು, ಹೆಸರು ಕೂಡದ ಕಾರಣಕ್ಕೆ ಕೊಳೆಯುತ್ತಾ ಬಿದ್ದಿತ್ತು.

ವರ್ಷ ತುಂಬಿತು. ಒಟ್ಟು 84,000 ಪ್ಲೇ. ಇಷ್ಟು ಸಲ ನಮ್ಮ ಹಾಡು ಕೇಳಿಸಿದೆ ಅನ್ನುವುದು ಈಗಲೂ ನನಗೆ ಮೈ ಜುಮ್ಮೆನ್ನಿಸುತ್ತದೆ. ರೆಕಾರ್ಡಿಂಗ್‌ಗೆ ಬಂದದ್ದು 240 ಡಾಲರ್. ಡಿಸ್ಟ್ರಿಬ್ಯೂಟರ್ ಪಾಲು 36 ಕಳೆದು 204. ಹಾಳೆಯಲ್ಲಿ ಬರೆದ ಪ್ರಕಾರ ಕೊಳಲಿಗೆ 40 ಡಾಲರ್ 80 ಸೆಂಟ್, ಪಿಟೀಲು ಮತ್ತು ಡ್ರಮ್ಸ್‌ಗೆ ತಲಾ 30 ಡಾಲರ್ 60 ಸೆಂಟ್, ಎಂಜಿನಿಯರ್‌ಗೆ 20 ಡಾಲರ್ 40 ಸೆಂಟ್. ಮೂರು ದಿನದ ರೆಕಾರ್ಡಿಂಗ್, ಅದಕ್ಕೂ ಮುಂಚಿನ ವಾರಗಟ್ಟಲೆ ಅಭ್ಯಾಸ, ಅದಕ್ಕೂ ಹಿಂದಿನ ದಶಕಗಳ ಸಾಧನೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನುತ್ತಾರಲ್ಲ, ಹಾಗೆ.

ವರದಿಗಳನ್ನೆಲ್ಲ ಒಂದು ಕಡತ ಮಾಡಿ ಎಲ್ಲರಿಗೂ ಕಳಿಸಿದೆ. ಹಣವನ್ನೂ ಕಳಿಸಿದೆ. ಕೊಳಲಿನವರಿಗೆ ಫೋನ್ ಮಾಡುವಾಗ ನಾಚಿಕೆಯಾಗುತ್ತಿತ್ತು. ಅವರು ಮೊತ್ತದ ಬಗ್ಗೆ ಏನೂ ಹೇಳಲಿಲ್ಲ. ಆ ಸಾವಿರಾರು ಸಾಲುಗಳನ್ನು ಕೂತು ಓದಿದ್ದರು. 'ನನ್ನ ಕೊಳಲು ಇಷ್ಟು ದೇಶದಲ್ಲಿ ಕೇಳಿಸ್ತಿದೆಯಾ?' ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಹಾಗಾದ್ರೆ ಹಿಂದೆ ಬೇರೆಯವರಿಗೆ ನುಡಿಸಿದ್ದು ಎಷ್ಟು ಕಡೆ ಕೇಳಿಸ್ತಿರಬೇಕು?' ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹಾಡುಗಳಿಗೆಲ್ಲ ಅವರಿಗೆ ಸಿಕ್ಕಿದ್ದು ಅವತ್ತಿನ ಸಂಭಾವನೆ ಅಷ್ಟೇ. ಎಷ್ಟೋ ಹಾಡುಗಳಲ್ಲಿ ಹೆಸರೂ ಇಲ್ಲ. ಅವರ ಪ್ರಶ್ನೆ ಹಿಡಿದುಕೊಂಡು ಓದುತ್ತಾ ಹೋದಾಗ ಇನ್ನೊಂದು ವಿಷಯ ತಿಳಿಯಿತು. ರೇಡಿಯೊದಲ್ಲಿ ಹಾಡು ಪ್ರಸಾರವಾದರೆ ಎಷ್ಟೋ ದೇಶಗಳಲ್ಲಿ ನುಡಿಸಿದವರಿಗೂ ಒಂದು ಪಾಲು ಕಾನೂನಿನಿಂದಲೇ ಬರುತ್ತದೆ. 1961ರ ರೋಮ್ ಒಪ್ಪಂದದಿಂದ ಬಂದ ಹಕ್ಕು ಅದು. ಆದರೆ ಬೇಕಾದಾಗ ಬೇಕಾದ ಹಾಡು ಕೇಳುವ ಸ್ಟ್ರೀಮಿಂಗ್‌ಗೆ 1996ರ ಇನ್ನೊಂದು ಒಪ್ಪಂದದ ಹಕ್ಕು ಅನ್ವಯಿಸುತ್ತದೆ. ಆ ಹಕ್ಕನ್ನು ಸಾಮಾನ್ಯವಾಗಿ ಮೊದಲ ದಿನವೇ ಲೇಬಲ್‌ಗೆ ಬರೆದುಕೊಟ್ಟಿರುತ್ತಾರೆ. ಆಮೇಲೆ ಹಾಡು ಕೋಟಿ ಸಲ ಕೇಳಿಸಿದರೂ ನುಡಿಸಿದವರಿಗೆ ಏನೂ ಇಲ್ಲ. ಜನ ರೇಡಿಯೊ ಬಿಟ್ಟು ಸ್ಟ್ರೀಮಿಂಗ್‌ಗೆ ಬಂದ ಹಾಗೆಲ್ಲ, ಇದ್ದ ಆ ಸಣ್ಣ ಪಾಲೂ ಕರಗುತ್ತಾ ಹೋಗುತ್ತದೆ. ಸ್ಪೇನ್‌ನಂಥ ಕೆಲವು ದೇಶಗಳಲ್ಲಿ ಸ್ಟ್ರೀಮಿಂಗ್‌ಗೂ ನುಡಿಸಿದವರಿಗೆ ಬಿಟ್ಟುಕೊಡಲಾಗದ ಒಂದು ಪಾಲು ಕಾನೂನಿನಲ್ಲಿದೆ. ಬ್ರಿಟನ್ನಿನ ಸಂಸದೀಯ ಸಮಿತಿಯೊಂದು 2021ರ ಜುಲೈನಲ್ಲಿ ಅಲ್ಲೂ ಅಂಥದ್ದು ಬೇಕು, ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕು ಅಂತ ವರದಿ ಕೊಟ್ಟಿತು.

ದುಡ್ಡೇ ಇಲ್ಲ ಅನ್ನುವ ಹಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ರೆಕಾರ್ಡಿಂಗ್ ಉದ್ಯಮದ ಜಾಗತಿಕ ಒಕ್ಕೂಟದ ಲೆಕ್ಕದಂತೆ 2024ರಲ್ಲಿ ಪ್ರಪಂಚದಲ್ಲಿ ರೆಕಾರ್ಡ್ ಸಂಗೀತದ ವರಮಾನ 2,960 ಕೋಟಿ ಡಾಲರ್. ಅದರಲ್ಲಿ 69 ಪರ್ಸೆಂಟ್ ಸ್ಟ್ರೀಮಿಂಗ್‌ನಿಂದ. ಸ್ಪಾಟಿಫೈ ಒಂದೇ ಆ ವರ್ಷ 1,000 ಕೋಟಿ ಡಾಲರ್ ಸಂಗೀತಕ್ಕೆ ಕೊಟ್ಟಿದ್ದೇನೆ ಅನ್ನುತ್ತದೆ. ಕದ್ದು ಹಾಡು ಇಳಿಸಿಕೊಳ್ಳುತ್ತಿದ್ದ ಕಾಲಕ್ಕಿಂತ ಇದು ಎಷ್ಟೋ ಮೇಲು, ಒಪ್ಪುತ್ತೇನೆ. ಯಾವ ಲೇಬಲ್ಲಿನ ಬಾಗಿಲನ್ನೂ ತಟ್ಟದೆ ನನ್ನ ಹಾಡು ಗೊತ್ತಿಲ್ಲದ ಊರುಗಳಿಗೆ ಹೋಯಿತು, ಅದೂ ನಿಜ. ಆದರೆ 'ನ್ಯಾಯವಾಗಿ ಸಿಗ್ತಿದೆಯಾ' ಅಂತ ಯಾರಾದರೂ ಕೇಳಿದರೆ, ಒಂದು ವರ್ಷ ಈ ಸಾಲುಗಳನ್ನು ಓದಿದ ಮೇಲೆ ನನ್ನ ಉತ್ತರ ಇಲ್ಲ ಅನ್ನುವುದೇ. ದರ ಕಮ್ಮಿ ಅನ್ನುವುದು ಒಂದು ಭಾಗ ಅಷ್ಟೇ. ಕೇಳಿದವರ ದುಡ್ಡು ನುಡಿಸಿದವರ ಹತ್ತಿರ ಬರುವ ದಾರಿಯಲ್ಲಿ ಹೆಸರುಗಳು ಬಿದ್ದುಹೋಗುತ್ತವೆ, ಬಿದ್ದುಹೋದರೂ ಯಾರೂ ಹಿಂತಿರುಗಿ ನೋಡುವುದಿಲ್ಲ. ನನ್ನ ಸಂಕಟ ಇರುವುದು ಅಲ್ಲಿ.

ಸೇವೆಗಳನ್ನು ಬದಲಾಯಿಸೋದು ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿದ್ದದ್ದನ್ನು ಬದಲಾಯಿಸಿದೆ. ಬರೀ ಪಾಲು ಕೊಡ್ತೀನಿ ಅಂತ ಮಾತು ಕೊಟ್ಟದ್ದೇ ತಪ್ಪು. ಬರುವ ಹಣ ಎಷ್ಟು ಅಂತ ನನಗೇ ಗೊತ್ತಿರಲಿಲ್ಲ, ಅದರ ಅಪಾಯವನ್ನು ಅವರ ಹೆಗಲಿಗೂ ಹಾಕಿದ್ದೆ. ಎರಡನೇ ಸಲ ರೆಕಾರ್ಡಿಂಗ್‌ಗೆ ಹೋಗುವ ಮುಂಚೆ ಒಂದು ವರ್ಷ ಕಾದು, ಸಂಗೀತ ಕಛೇರಿಗಳಿಂದ ಬಂದ ದುಡ್ಡು ಕೂಡಿಟ್ಟೆ. ಈ ಸಲ ಆರಲ್ಲ, ಮೂರೇ ಹಾಡು. ಆದರೆ ಎಲ್ಲರಿಗೂ ಅವತ್ತೇ ಸಂಭಾವನೆ, ಅದರ ಮೇಲೆ ಪಾಲು ಬೇರೆ.

ಅವತ್ತು ಬೆಳಿಗ್ಗೆ ಕೊಳಲಿನವರು ಎಲ್ಲರಿಗಿಂತ ಮುಂಚೆ ಬಂದರು. ಚೀಲದಿಂದ ಕೊಳಲು ತೆಗೆಯುವ ಮೊದಲು ಹಾಳೆ ಕೇಳಿದರು. ಪಾಲಿನ ಅಂಕಿಯನ್ನು ನೋಡಲೇ ಇಲ್ಲ. ಹೆಸರಿನ ಕಾಲಂ ಮೇಲೆ ಬೆರಳಿಟ್ಟು, ಕಲಾವಿದರ ಸಂಘದ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರ ಹೋಲಿಸಿದರು. 'ಎರಡು ಎ' ಅಂತ ನನಗೆ ಹೇಳಿ, ತಾವೇ ಪೆನ್ನು ತಗೊಂಡು ಬಿಟ್ಟುಹೋಗಿದ್ದ ಅಕ್ಷರ ಸೇರಿಸಿದರು. ಆಮೇಲೆ ಕೊಳಲು ಕೈಗೆತ್ತಿಕೊಂಡರು.